ಪರದೆಯ ಹಿಂದಿನ ದೀಪ

ಪರೀಕ್ಷೆಯಲ್ಲಿ ಫೇಲಾದೆನೆಂದು ಮೂಲೆ ಹಿಡಿದು ಕೂತಿರುವ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ತಮ್ಮ ತಂಗಿಯರೇ, ಕೊಪ್ಪಳ ತಾಲ್ಲೂಕಿನ ಮೋರನಾಳದ ಕಡೆಗೊಮ್ಮೆ ನೋಡಿ. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು 14ನೇ ವಯಸ್ಸಿಗೇ ತೊಗಲುಗೊಂಬೆ ಕೈಗೆತ್ತಿಕೊಂಡವರು. ಬಿಳಿ ಪರದೆ, ಹಿಂದೊಂದು ದೀಪ, ನಡುವೆ ಹದಮಾಡಿದ ತೊಗಲಿನ ರಾಮ, ಸೀತೆ. ಕೈಯಲ್ಲಿ ಕಡ್ಡಿ, ಬಾಯಲ್ಲಿ ಹಾಡು. ಸಿನಿಮಾ ಬಂತು, ಟಿವಿ ಬಂತು, ಆಟ ನೋಡುವವರು ಕರಗಿದರು. ಭೀಮವ್ವ ಗೊಂಬೆ ಕೆಳಗಿಡಲಿಲ್ಲ. 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96!

ಹುಮ್ಮಸ್ಸು ಅಂದರೆ ನನ್ನ ಪಾಲಿಗೆ ಇದೇ, ಚಪ್ಪಾಳೆ ಬೀಳದ ದಿನವೂ ಕೆಲಸಕ್ಕೆ ಕೂರುವುದು. ಎಂಟು ದಶಕ ದುಡಿದ ಈ ಅಜ್ಜಿಯ ಮುಂದೆ ನಿಮ್ಮ ಒಂದು ವರ್ಷ ಯಾವ ಲೆಕ್ಕ? ಏಳಿ, ಮರುಪರೀಕ್ಷೆಯ ಅರ್ಜಿ ಇವತ್ತೇ ತುಂಬಿರಿ.