ಮನೆಗೊಂದು ವೆಲ್ಡಿಂಗ್ ಯಂತ್ರ: ಕೊಳ್ಳುವ ಮುನ್ನ ತಿಳಿಯಬೇಕಾದುದು

ಮಳೆಗಾಲ ಮುಗಿದೊಡನೆ ತೋಟದ ಕಬ್ಬಿಣದ ಸಾಮಾನುಗಳ ದುರಸ್ತಿ ಸಾಲುಗಟ್ಟಿ ನಿಲ್ಲುತ್ತದೆ. ಗೇಟಿನ ತಿರುಗಣಿ ಕಳಚಿರುತ್ತದೆ, ಕೈಗಾಡಿಯ ಚೌಕಟ್ಟು ಬಿಟ್ಟಿರುತ್ತದೆ. ಒಂದಂಗುಲದ ಬೆಸುಗೆಗಾಗಿ ಪೇಟೆಗೆ ಹೊತ್ತೊಯ್ದು ಅರ್ಧ ದಿನ ಕಳೆಯುವುದು ಸಣ್ಣ ಬೆಳೆಗಾರರಿಗೆ ಹೊರೆಯೇ ಸರಿ. ಸ್ವಂತಕ್ಕೊಂದು ಯಂತ್ರ ಕೊಳ್ಳಬಯಸುವ ಸದಸ್ಯ ಬಾಂಧವರ ಗಮನಕ್ಕೆ ಈ ಕೆಲವು ಅಂಶಗಳು. ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಕೆಲಸ ಬೀಳುವುದಾದರೆ ನೆರೆಯ ನಾಲ್ವರು ಸೇರಿ ಒಂದನ್ನು ಕೊಳ್ಳುವುದು ಲೇಸು.

ಯಾವ ಬಗೆ?

ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರ ಗಟ್ಟಿಮುಟ್ಟಾದುದು. ಆದರೆ ಬಲು ಭಾರ, ವಿದ್ಯುತ್ತನ್ನೂ ಹೆಚ್ಚು ಎಳೆಯುತ್ತದೆ. ಗ್ಯಾಸ್ ಸಿಲಿಂಡರ್ ಬೇಕಾಗುವ ಮಿಗ್ ಯಂತ್ರ ಬಯಲು ಅಂಗಳಕ್ಕೆ ಒಗ್ಗದು; ಗಾಳಿ ಬೀಸಿದರೆ ಗ್ಯಾಸ್ ಚದುರಿ ಬೆಸುಗೆ ತೂತುಬೀಳುತ್ತದೆ. ಮೊದಲ ಬಾರಿಗೆ ಕೊಳ್ಳುವವರಿಗೆ ರಾಡ್ ಬಳಸುವ, ಸಿಂಗಲ್ ಫೇಸಿನ ಸಣ್ಣ ಇನ್ವರ್ಟರ್ ಆರ್ಕ್ ಯಂತ್ರವೇ ಯೋಗ್ಯ. ಅದನ್ನು ಒಬ್ಬರೇ ಎತ್ತಿ ಒಯ್ಯಬಹುದು.

ಎಷ್ಟು ಆಂಪಿಯರ್?

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಸಂಖ್ಯೆಗೆ ಮಾರುಹೋಗಬೇಡಿ. 2.5 ಮಿ.ಮೀ. ರಾಡಿಗೆ ಸುಮಾರು 60ರಿಂದ 90 ಆಂಪಿಯರ್, 3.15 ಮಿ.ಮೀ. ರಾಡಿಗೆ 90ರಿಂದ 130 ಆಂಪಿಯರ್ ಸಾಕು. ತೋಟದ ಸಾಮಾನ್ಯ ಕೆಲಸ 3ರಿಂದ 5 ಮಿ.ಮೀ. ದಪ್ಪದ ಕಬ್ಬಿಣದಲ್ಲೇ ಮುಗಿಯುತ್ತದೆ. ಯಂತ್ರದ ಫಲಕದಲ್ಲಿ 'ಡ್ಯೂಟಿ ಸೈಕಲ್' ಎಷ್ಟೆಂದು ನೋಡಿ. 120 ಆಂಪಿಯರಿಗೆ ಶೇಕಡಾ 60 ಎಂದಿದ್ದರೆ, ಅಷ್ಟು ಕರೆಂಟಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಬೆಸೆದು ನಾಲ್ಕು ನಿಮಿಷ ಆರಲು ಬಿಡಬೇಕೆಂದು ಅರ್ಥ.

ಮೊದಲು ಮನೆಯ ಲೈನು

ಅಂಗಡಿಗೆ ಹೋಗುವ ಮುನ್ನ, ಸಂಜೆ ಎಲ್ಲರ ದೀಪ ಉರಿಯುವ ಹೊತ್ತಿನಲ್ಲಿ ಮನೆಯ ವೋಲ್ಟೇಜನ್ನು ಅಳೆಯಿಸಿ. 230 ಇರಬೇಕಾದಲ್ಲಿ ಬಹಳ ಇಳಿಯುತ್ತಿದ್ದರೆ, ಅಷ್ಟರಲ್ಲಿ ಯಂತ್ರ ನಡೆಯುವುದೇ ಎಂದು ಫಲಕ ನೋಡಿಯೇ ಕೊಳ್ಳತಕ್ಕದ್ದು. 2.5 ಮಿ.ಮೀ. ರಾಡಿನ ಕೆಲಸವನ್ನು 16 ಆಂಪಿಯರಿನ ಒಳ್ಳೆಯ ಸಾಕೆಟ್ ತಡೆದೀತು, ಟಿ.ವಿ. ಹಾಕುವ ಸಣ್ಣ ಸಾಕೆಟ್ ಖಂಡಿತ ತಡೆಯದು. ಅರ್ಥಿಂಗ್ ಸರಿಯಿದೆಯೇ, ತಂತಿಯ ದಪ್ಪ ಸಾಲುವುದೇ ಎಂದು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳಿ. ನೀರಾವರಿ ಪಂಪ್‌ಸೆಟ್ಟಿನ ಸಂಪರ್ಕವನ್ನು ಇದಕ್ಕೆ ಬಳಸಕೂಡದು.

ರಾಡುಗಳ ಜೋಪಾನ

ಕಲಿಯುವವರಿಗೆ 6013 ದರ್ಜೆಯ ರಾಡು ಸುಲಭ. ನಮ್ಮ ಮಲೆನಾಡಿನ ಥಂಡಿಯಲ್ಲಿ ತೆರೆದಿಟ್ಟ ರಾಡು ತೇವ ಹೀರಿ ಸಿಡಿಯುತ್ತದೆ, ಅಂಟಿಕೊಳ್ಳುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿಡಿ, ಒಮ್ಮೆಗೆ ಸಣ್ಣ ಪೊಟ್ಟಣ ಮಾತ್ರ ತನ್ನಿ.

ಜೀವಕ್ಕಿಂತ ಬೆಸುಗೆ ದೊಡ್ಡದಲ್ಲ

1. ಬರಿಗಣ್ಣಿನಲ್ಲಿ ಕಿಡಿ ನೋಡಿದರೆ ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಹೊಯ್ದಂತೆ ಉರಿಯುತ್ತದೆ. 10 ಅಥವಾ 11ನೇ ಶೇಡಿನ ಗಾಜುಳ್ಳ ಹೆಲ್ಮೆಟ್, ಚರ್ಮದ ಕೈಗವಸು, ಹತ್ತಿಯ ಬಟ್ಟೆ, ಬೂಟು ಕಡ್ಡಾಯ. ಮಕ್ಕಳನ್ನು ದೂರವಿಡಿ.

2. ಒದ್ದೆ ನೆಲದಲ್ಲಿ, ಮಳೆಯಲ್ಲಿ ಬೆಸೆಯಲೇಬಾರದು.

3. ಒಣ ಅಡಿಕೆ ಸಿಪ್ಪೆ, ಗೋಣಿಚೀಲ, ಸ್ಪ್ರೇಯರಿನ ಪೆಟ್ರೋಲು ಹತ್ತಿರ ಇರಬಾರದು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಆ ಜಾಗದ ಮೇಲೆ ಕಣ್ಣಿಡಿ.

4. ಡೀಸೆಲ್, ಪೆಟ್ರೋಲ್ ಅಥವಾ ಔಷಧಿಯ ಖಾಲಿ ಡ್ರಮ್ಮಿಗೆ ಬೆಸುಗೆ ಹಾಕಬೇಡಿ. ಒಳಗುಳಿದ ಆವಿ ಸಾಕು, ಡ್ರಮ್ ಸಿಡಿಯುತ್ತದೆ.

5. ಜಿ.ಐ. ಪೈಪಿನ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಲೇಪವನ್ನು ಉಜ್ಜಿ ತೆಗೆದು, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಡದೆ, ಹೊಗೆ ಪಕ್ಕಕ್ಕೆ ಹೋಗುವಂತೆ ನಿಂತು ಬೆಸೆಯಿರಿ.

ಇನ್ನೊಂದು ಮಾತು. ಮೇಲೆ ನಯವಾಗಿ ಕಂಡ ಬೆಸುಗೆ ಒಳಗೆ ಹಿಡಿದಿರಲಾರದು. ಮೆಣಸು ಕೊಯ್ಯುವ ಏಣಿ, ಟ್ರೈಲರಿನ ಕೊಂಡಿ, ಭಾರ ಎತ್ತುವ ಕೊಕ್ಕೆ ಇವುಗಳಿಗೆ ನುರಿತ ಕೈಯೇ ಬೇಕು. ಮುರಿದರೆ ಬೀಳುವವನು ನಮ್ಮ ಆಳು, ಇಲ್ಲವೇ ನಮ್ಮ ಮನೆಯ ಮಗ. ಗೇಟು, ಗಾಡಿ, ಸ್ಟ್ಯಾಂಡುಗಳಲ್ಲಿ ಕೈ ಪಳಗಲಿ. ಕೈಯಲ್ಲಿರುವ ಹಣದಲ್ಲಿ ಮೊದಲ ಪಾಲು ವೈರಿಂಗಿಗೆ, ಎರಡನೆಯದು ಹೆಲ್ಮೆಟ್ ಕೈಗವಸಿಗೆ, ಉಳಿದುದು ಯಂತ್ರಕ್ಕೆ ಎಂದು ಲೆಕ್ಕ ಹಾಕಿ ಮುಂದುವರಿಯಬೇಕಾಗಿ ಕೋರಿಕೆ.

— ಕಾರ್ಯದರ್ಶಿ