ಬದುವನ್ನರಿತ ಬಿತ್ತನೆ

ರೈತನು ಹೊಸ ಬೀಜ ಬಿತ್ತುವ ಮೊದಲು ಹೊಲದ ಬದುಗಳನ್ನು ನೋಡಿಕೊಳ್ಳುತ್ತಾನೆ. ಬದುವನ್ನರಿಯದೆ ನೇಗಿಲು ಹೂಡಿದವನು ನಿಂತ ಪೈರನ್ನೇ ಉತ್ತುಬಿಡಬಹುದು. ಗಣಕಯಂತ್ರದಲ್ಲಿ ನಾನು ಮಾಡಿದ್ದೂ ಇದನ್ನೇ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಹಾವೇರಿ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ತಿರುಗಿ ಬೀಸುವ ಪದ, ಸೋಬಾನೆ ಪದ, ಡೊಳ್ಳಿನ ಪದಗಳನ್ನು ಸಂಗ್ರಹಿಸುವುದು ನಿವೃತ್ತಿಯ ನಂತರ ನನ್ನ ಹವ್ಯಾಸವಾಯಿತು. ಹಾಡಿದವರ ದನಿಗಳನ್ನು ಗಣಕಯಂತ್ರದ ಡಿಸ್ಕಿನಲ್ಲಿ ತುಂಬಿಡುತ್ತಿದ್ದೆ. ಡಿಸ್ಕನ್ನು ಒಂದೇ ಅಳತೆಯ ಆರು ಭಾಗಗಳಾಗಿ ವಿಂಗಡಿಸಿದ್ದೆ. ಇಂಥ ಭಾಗಗಳಿಗೆ ಡ್ರೈವ್ ಎಂದು ಹೆಸರು. ಮೊದಲನೆಯದರಲ್ಲಿ ಯಂತ್ರವನ್ನು ನಡೆಸುವ ವಿಂಡೋಸ್ ವ್ಯವಸ್ಥೆ, ಮುಂದಿನ ನಾಲ್ಕಕ್ಕೆ ನಾಲ್ಕು ತಾಲೂಕುಗಳ ಹೆಸರು, ಕೊನೆಯದು ಖಾಲಿ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ವ್ಯವಸ್ಥೆಯನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅದನ್ನೂ ಆ ಖಾಲಿ ಭಾಗದಲ್ಲಿ ನೆಲೆಗೊಳಿಸಬೇಕೆಂದು ಒಂದು ರಾತ್ರಿ ಕುಳಿತೆ. ತೆರೆಯ ಮೇಲೆ ನಾನಿಟ್ಟ ಹೆಸರುಗಳಿರಲಿಲ್ಲ, ಬರಿಯ ಅಂಕೆಗಳಿದ್ದವು. ಆರನೆಯದನ್ನು ಆರಿಸಿ ಗುಂಡಿಯನ್ನೊತ್ತಿದೆ. ಆದರೆ ವಿಂಡೋಸ್ ತನಗಾಗಿ ಮರೆಯಲ್ಲಿಟ್ಟುಕೊಂಡಿದ್ದ ಚಿಕ್ಕ ಭಾಗವೊಂದು ಎಲ್ಲಕ್ಕೂ ಮೊದಲಿಗಿತ್ತು. ಖಾಲಿ ಭಾಗ ಏಳನೆಯದು, ಆರನೆಯದು ಹಿರೇಕೆರೂರು! ಯಾವ ಭಾಗದಲ್ಲಿ ಎಷ್ಟು ತುಂಬಿದೆಯೆಂಬ ಲೆಕ್ಕವೂ ಪಕ್ಕದಲ್ಲಿಯೇ ಇತ್ತು. ಅದನ್ನು ನೋಡುವ ತಾಳ್ಮೆ ನನಗಿರಲಿಲ್ಲ.

ಅಳಿದುದರ ಮೇಲೆ ಹೊಸ ವ್ಯವಸ್ಥೆಯು ಬರೆದುಕೊಂಡಿದ್ದರಿಂದ, ಬಲ್ಲವರೂ ಕೆಲವು ತುಣುಕುಗಳನ್ನಷ್ಟೇ ಮರಳಿಸಿಕೊಟ್ಟರು. ಹಿರೇಕೆರೂರು ಕಡೆಯ ಆ ಹಳ್ಳಿಗೆ ಮತ್ತೆ ಹೋದೆ. ಬೀಸುವ ಕಲ್ಲು ಪಡಸಾಲೆಯಲ್ಲಿತ್ತು. ಹಾಡಿದ ಅಜ್ಜಿ ಇರಲಿಲ್ಲ.

ವಿದ್ಯಾರ್ಥಿಗಳೇ, ಮಾಡಬೇಕಾಗಿದ್ದುದು ಇಷ್ಟೆ. ಮೊದಲನೆಯದಾಗಿ, ಅಮೂಲ್ಯವಾದುದನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ತೆರೆದು ಪರೀಕ್ಷಿಸಿ, ಡಿಸ್ಕನ್ನು ಯಂತ್ರದಿಂದ ಬಿಡಿಸಿಡಬೇಕು. ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿಟ್ಟ ನಕಲನ್ನು ನೆಚ್ಚಲಾಗದು. ಡಿಸ್ಕು ಕೆಟ್ಟರೆ ಎರಡೂ ಹೋಗುತ್ತವೆ. ಎರಡನೆಯದಾಗಿ, ಪ್ರತಿ ಭಾಗದ ಹೆಸರು, ಅಳತೆ, ತುಂಬಿದ ಸ್ಥಳಗಳನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ಮೂರನೆಯದಾಗಿ, ಹೊಸ ವ್ಯವಸ್ಥೆಗೆ ಬೇಕಾದ ಜಾಗವನ್ನು ವಿಂಡೋಸಿನಲ್ಲಿದ್ದಾಗಲೇ ತೆರವು ಮಾಡಿ, ಯಾವ ಭಾಗಕ್ಕೂ ಸೇರದಂತೆ ಬಿಡಬೇಕು. ಆಗ ಅದು ಪಟ್ಟಿಯಲ್ಲಿ ಬೇರೆಯಾಗಿಯೇ ಕಾಣುತ್ತದೆ. ಡಿಸ್ಕಿಗೆ ಗುಪ್ತಲಿಪಿಯ ಬೀಗವಿದ್ದರೆ ಅದರ ಕೀಲಿಸಂಖ್ಯೆಯನ್ನು ಬರೆದಿಡಬೇಕು. ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಮುಟ್ಟಲೇಬಾರದು. ಕೊನೆಯಲ್ಲಿ ಯಂತ್ರವು ತಾನು ಮಾಡಲಿರುವ ಬದಲಾವಣೆಗಳನ್ನು ತೋರಿಸುತ್ತದೆ. ಅವನ್ನು ಕಾಗದದೊಡನೆ ಹೋಲಿಸಿ ನೋಡಿದ ಮೇಲೆಯೇ ಸಮ್ಮತಿ ಕೊಡಬೇಕು. ಇಷ್ಟಾಗಿಯೂ ತಪ್ಪಿದರೆ ಯಂತ್ರವನ್ನು ತಕ್ಷಣ ನಿಲ್ಲಿಸಬೇಕು. ಮೇಲೆ ಬರೆಯದಷ್ಟು ಕಾಲ ಹಳೆಯದು ಸಿಗುವ ಆಸೆಯಿರುತ್ತದೆ.

ಹೊಸದನ್ನು ಬರಮಾಡಿಕೊಳ್ಳುವುದು ತಪ್ಪಲ್ಲ. ನನ್ನ ಯಂತ್ರದಲ್ಲಿ ಈಗ ಎರಡು ವ್ಯವಸ್ಥೆಗಳೂ ಇವೆ. ಹಿರೇಕೆರೂರಿನ ಹೆಸರಿನ ಭಾಗವೊಂದನ್ನು ಮತ್ತೆ ಮಾಡಿ ಉಳಿದ ತುಣುಕುಗಳನ್ನು ಅದರಲ್ಲಿರಿಸಿದ್ದೇನೆ. ಅವುಗಳ ನಕಲು ಮಗಳ ಮನೆಯಲ್ಲಿದೆ.

ಅಭ್ಯಾಸ
1. ಲೇಖಕರ ಎಣಿಕೆ ತಪ್ಪಿದುದೇಕೆ?
2. ಅದೇ ಡಿಸ್ಕಿನಲ್ಲಿಟ್ಟ ನಕಲನ್ನು ಏಕೆ ನೆಚ್ಚಲಾಗದು?
3. ‘ಬೀಸುವ ಕಲ್ಲು ಪಡಸಾಲೆಯಲ್ಲಿತ್ತು, ಹಾಡಿದ ಅಜ್ಜಿ ಇರಲಿಲ್ಲ.’ ಸಂದರ್ಭ ಸಹಿತ ವಿವರಿಸಿರಿ.