ಮದುವೆಯ ಮಂಟಪಕ್ಕೆ ಸಿತಾರ: ಗೊತ್ತುಮಾಡುವ ಮುನ್ನ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಪುಣೆ–ಬೆಂಗಳೂರು ರಸ್ತೆಯ ಮೇಲಿರುವ ಬೈರಿದೇವರಕೊಪ್ಪದಲ್ಲಿ ಮದುವೆ ಕೂಡಿಬಂದ ಮನೆಯವರಿಗೆ, ಒಳ್ಳೆಯ ತಂತಿವಾದ್ಯವನ್ನು ಅರಸಿಕೊಂಡು ದೂರ ಹೋಗಬೇಕಾದ ಪ್ರಮೇಯವೇ ಇಲ್ಲ. ಬೀನಕಾರ ಬಂದೇ ಅಲಿಖಾನರ ಶಿಷ್ಯರಾದ ಸಿತಾರರತ್ನ ರಹಿಮತ್‌ಖಾನರು ಧಾರವಾಡದಲ್ಲಿ ನೆಲೆಸಿ 1931ರಲ್ಲಿ ಭಾರತೀಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದ ಮೇಲೆ, ಅವರ ಮೊಮ್ಮಗ ಉಸ್ತಾದ್ ಬಾಲೇಖಾನರು 2007ರಲ್ಲಿ ಕಾಲವಾಗುವವರೆಗೂ ಬೆಳಗಿಸಿದ ಪರಂಪರೆ ಈ ನೆಲದ್ದು. ಇಷ್ಟಿದ್ದೂ, ಸಿತಾರವಾದಕರನ್ನು ಆದರದಿಂದ ಕರೆಸಿದ ಮದುವೆಗಳಲ್ಲಿಯೇ ಅವರ ವಾದನ ಯಾರ ಕಿವಿಗೂ ಬೀಳದೆ ಹೋಗುವುದನ್ನು ಕಂಡು ನನಗೆ ವ್ಯಥೆಯಾಗಿದೆ. ತಪ್ಪು ವಾದಕರದಲ್ಲ, ವಾದ್ಯದ್ದೂ ಅಲ್ಲ. ಹೊತ್ತು ಮತ್ತು ಸ್ಥಳಗಳನ್ನು ವಿಚಾರಿಸದೆ ವಾದ್ಯವನ್ನು ಮೊದಲು ಗೊತ್ತುಮಾಡಿದುದೇ ಇದಕ್ಕೆ ಕಾರಣ.

ಆದುದರಿಂದ ಮೊದಲು ನಿಶ್ಚಯಿಸತಕ್ಕದ್ದು ಹೊತ್ತನ್ನು. ಬೀಗರನ್ನು ಎದುರುಗೊಳ್ಳುವಾಗ, ಸುರಗಿಯ ನೀರು ಹಾಕುವಾಗ, ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಬಜಂತ್ರಿಯವರ ಸನಾದಿ–ಸಂಬಾಳಗಳೇ ಬೇಕು. ನೂರಾರು ಜನ ಒಮ್ಮೆಲೆ ಎದ್ದುನಿಂತು ಅಕ್ಷತೆ ಎರಚುವ ಆ ಸಂಭ್ರಮದ ಗದ್ದಲವನ್ನು ಭೇದಿಸಿ ಮೇಲೇಳುವ ಶಕ್ತಿ ಸನಾದಿಗಲ್ಲದೆ ಬೇರೆ ವಾದ್ಯಕ್ಕಿಲ್ಲ. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಬಿಸ್ಮಿಲ್ಲಾಖಾನರಂಥವರೇ ಶಹನಾಯಿ ನುಡಿಸಿದ ಮೇಲೂ, ನಮ್ಮ ಊರುಗಳ ಬಜಂತ್ರಿಯವರನ್ನು ಬಾಗಿಲ ಹೊರಗೆ ಕೂರಿಸಿ ಅಗ್ಗದಲ್ಲಿ ಮುಗಿಸುವ ರೂಢಿ ಕೆಲವೆಡೆ ಉಳಿದಿರುವುದು ನಾಚಿಕೆಯ ಸಂಗತಿ. ಅವರನ್ನು ಬಿಟ್ಟು ಸಿತಾರವೆಂಬ ವಿಚಾರ ಬೇಡ. ಅವರೊಡನೆ ಸಿತಾರವೆಂದಾದರೆ, ಅದಕ್ಕೆ ತಕ್ಕ ಹೊತ್ತು ಎರಡು: ಮದುವೆಯ ಹಿಂದಿನ ದಿನ ಸಂಜೆ, ಮನೆಯವರೂ ಸಮೀಪದ ಬಂಧುಗಳೂ ಮಾತ್ರ ಕೂಡಿರುವಾಗ, ಇಲ್ಲವೆ ಆರತಕ್ಷತೆಯ ಮೊದಲ ಒಂದು ತಾಸು, ಜನ ಇನ್ನೂ ಬರುತ್ತಿರುವಾಗ. ಊಟದ ಪಂಕ್ತಿಯ ಪಕ್ಕದಲ್ಲಿ ಮಾತ್ರ ಸರ್ವಥಾ ಕೂಡದು.

ವಿದೇಶದ ಮದುವೆಗಳನ್ನು ಕಂಡುಬಂದ ಮಕ್ಕಳು ಹಾರ್ಪನ್ನೇ ಅಪೇಕ್ಷಿಸುವುದುಂಟು. ಸಮುದ್ರಗುಪ್ತನ ಚಿನ್ನದ ನಾಣ್ಯಗಳಲ್ಲಿ ರಾಜನು ತೊಡೆಯ ಮೇಲಿಟ್ಟುಕೊಂಡು ನುಡಿಸುತ್ತಿರುವ ಬಿಲ್ಲಿನಾಕಾರದ ವೀಣೆ ಆ ಕುಲದ್ದೇ ಆದುದರಿಂದ, ಈ ಬಯಕೆಯನ್ನು ಪರಕೀಯವೆಂದು ತಳ್ಳಿಹಾಕಬೇಕಾಗಿಲ್ಲ. ಆದರೆ 47 ತಂತಿಗಳ, ಆಳೆತ್ತರದ ಆ ವಾದ್ಯವನ್ನು ಒಂದು ಸಂಜೆಗಾಗಿ ತರಿಸುವ ಶ್ರಮಕ್ಕಿಂತ, ಅದರಂತೆಯೇ ತುಂತುರುತುಂತುರಾಗಿ ನಾದ ಚೆಲ್ಲುವ ಸಂತೂರನ್ನು ಆಯ್ದುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಎರಡನೆಯದಾಗಿ ಸ್ಥಳ. ಕಲ್ಯಾಣಮಂಟಪ ಹೆದ್ದಾರಿಗೆ ಮುಖಮಾಡಿದ್ದರೆ, ಮುಂಗಡ ಕೊಡುವ ಮೊದಲು, ಮದುವೆಯ ಹೊತ್ತಿಗೆ ಸರಿಯಾಗಿ ಒಮ್ಮೆ ಹೋಗಿ ಒಳಗೆ ಸುಮ್ಮನೆ ನಿಂತು ಕೇಳಬೇಕು. ಚಿಗರಿ ಬಸ್ಸುಗಳ, ಲಾರಿಗಳ ಸದ್ದು ವೇದಿಕೆಯವರೆಗೆ ಬರುತ್ತಿದ್ದರೆ ವಾದಕರಿಗೆ ರಸ್ತೆಯಿಂದ ಆದಷ್ಟು ದೂರದ ಗೋಡೆಯ ಕಡೆಗೆ ಆಸನ ಹಾಕಿಸಬೇಕು. ವಧೂವರರ ವೇದಿಕೆಯ ಮೇಲೆ ಮೂಲೆಯಲ್ಲಿ ಅವರನ್ನು ತುರುಕುವುದು ಸಲ್ಲದು. ಒಂದಡಿ ಎತ್ತರದ ಬೇರೆ ಕಟ್ಟೆ, ಅದರ ಮೇಲೆ ದಪ್ಪ ಜಮಖಾನೆ, ತಬಲಾದವರಿಗೆ ಎಡೆ, ಎದುರಿಗೆ ಕೇಳುವ ಆಸೆಯುಳ್ಳವರು ಕೂರಲು ನಾಲ್ಕಾರು ಸಾಲು: ಇಷ್ಟಾದರೆ ಸಾಕು.

ವಾದಕರನ್ನು ಹುಡುಕುವ ಬಗೆ ಕಠಿಣವಲ್ಲ. ಸಮೀಪದ ಉಣಕಲ್ಲಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಗುರುಕುಲವಿದೆ. ಧಾರವಾಡದಲ್ಲಿ ವಿಶ್ವವಿದ್ಯಾಲಯದ ಸಂಗೀತ ವಿಭಾಗವಿದೆ. 1950ರಿಂದ ಕಲಾವಿದರನ್ನು ಪೋಷಿಸಿಕೊಂಡು ಬಂದಿರುವ ಆಕಾಶವಾಣಿ ನಿಲಯವಿದೆ. ಆಕಾಶವಾಣಿಯ ಶ್ರೇಣಿ ಪಡೆದವರೋ ಎಂದು ಕೇಳುವುದು ಒಂದು ಭರವಸೆಯೇ ಹೌದಾದರೂ, ಶ್ರೇಣಿಯೊಂದನ್ನೇ ನೆಚ್ಚದೆ ಅವರ ಬೈಠಕ್ಕೊಂದಕ್ಕೆ ಹೋಗಿ ಕೂತು ಕೇಳುವುದು ಉತ್ತಮ. ಮೊಬೈಲಿನ ತುಣುಕು ಕೇಳಿ ನಿರ್ಧರಿಸಬೇಡಿ. ಚೆನ್ನಾಗಿ ಕಲಿತ ತರುಣ ವಿದ್ಯಾರ್ಥಿಯೊಬ್ಬನಿಗೆ ಹಿಂದಿನ ದಿನದ ಸಂಜೆಯನ್ನು ಒಪ್ಪಿಸುವುದರಲ್ಲಿಯೂ ಹಿಂಜರಿಕೆ ಬೇಡ.

ಏನು ನುಡಿಸಬೇಕೆಂಬುದನ್ನು ಮೊದಲೇ ಕುಳಿತು ಮಾತನಾಡಿಕೊಳ್ಳಬೇಕು. ರಾಗಗಳಿಗೆ ಹೊತ್ತಿನ ಕಟ್ಟಳೆಯುಂಟು: ನಡುಹಗಲಿಗೆ ವೃಂದಾವನಿ ಸಾರಂಗ, ದೀಪ ಹಚ್ಚಿದ ಮೇಲೆ ಯಮನ್, ರಾತ್ರಿ ಏರಿದಂತೆ ಬಿಹಾಗ, ದುರ್ಗಾ, ಖಮಾಜ್. ಜನ ಓಡಾಡುವ ಆರತಕ್ಷತೆಯಲ್ಲಿ ಆಲಾಪವನ್ನು ಹತ್ತು ನಿಮಿಷಕ್ಕೆ ಸಂಕ್ಷೇಪಿಸಿ ಮಧ್ಯಲಯದ ಗತ್ತಿಗೆ ಬರುವುದು ಯುಕ್ತ; ಮಾರ್ವಾ, ಶ್ರೀಗಳಂಥ ಗಂಭೀರ ರಾಗಗಳನ್ನು ಅಲ್ಲಿ ಕೇಳುವುದು ರಾಗಕ್ಕೂ ವಾದಕರಿಗೂ ಮಾಡುವ ಅನ್ಯಾಯ. ವಚನದ ಧಾಟಿಯೊಂದನ್ನೋ, ಮನೆಯ ಹಿರಿಯರಿಗೆ ಪ್ರಿಯವಾದ ಭಜನೆಯನ್ನೋ ನುಡಿಸಿರೆಂದು ಮುಂಚಿತವಾಗಿ ಬೇಡಿಕೊಂಡರೆ ಅವರು ಅಭ್ಯಾಸ ಮಾಡಿಕೊಂಡು ಬರುವರು. ಕಛೇರಿ ನಡೆದಿರುವಾಗ ಚಿತ್ರಗೀತೆಯ ಚೀಟಿ ಕಳಿಸುವುದು ಅವಿನಯ.

ಇನ್ನು ಶ್ರುತಿಯ ವಿಷಯ, ಮನೆಯವರು ಮರೆತೇಬಿಡುವಂಥದು. ಸಿತಾರದಲ್ಲಿ ಮೇಲಿನ ತಂತಿಗಳಲ್ಲದೆ, ಮೆಟ್ಟಿಲುಗಳ ಕೆಳಗೆ 11ರಿಂದ 13 ತರಬು ತಂತಿಗಳಿರುತ್ತವೆ. ವಾದಕರು ಸಣ್ಣ ಕುಂಟಿಗಳನ್ನು ಒಂದೊಂದಾಗಿ ತಿರುವಿ, ತೋರುಬೆರಳಿನ ಮಿಜರಾಬಿನಿಂದ ಮೆಲ್ಲಗೆ ಮೀಟಿ, ಮೇಲಿನ ತಂತಿಯಲ್ಲಿ ಅದೇ ಸ್ವರ ನುಡಿಸಿದಾಗ ಕೆಳಗಿನದು ತಾನಾಗಿ ಮಿಡಿಯುವುದೇ ಎಂದು ಕಿವಿಗೊಟ್ಟು ಪರೀಕ್ಷಿಸುತ್ತಾರೆ. ಮಳೆಗಾಲದ ತೇವಕ್ಕೂ ದೀಪಗಳ ಝಳಕ್ಕೂ ಈ ಶ್ರುತಿ ಕದಲುವುದರಿಂದ, ಅರ್ಧ ತಾಸಾದರೂ ಮೌನದ ಕೋಣೆಯೊಂದನ್ನು ಅವರಿಗೆ ಬಿಟ್ಟುಕೊಡಬೇಕು. ವೇದಿಕೆಗೆ ಬಂದ ಮೇಲೂ ಐದು ನಿಮಿಷ ಧ್ವನಿವರ್ಧಕದ ಘೋಷಣೆಗಳನ್ನು ನಿಲ್ಲಿಸಬೇಕು. ಡಿಜೆಯವರ ಪೆಟ್ಟಿಗೆಗಳ ಮೂಲಕ ಸಿತಾರ ಕೇಳಿಸುವುದೆಂದರೆ ತುಂಬಿಯ ಗುಂಗನ್ನೇ ಕೊಂದಂತೆ. ವಾದ್ಯಸಂಗೀತಕ್ಕೆ ಮೈಕು ಹಿಡಿದು ಬಲ್ಲವರನ್ನು, ಸಿತಾರಕ್ಕೊಂದು ತಬಲಾಕ್ಕೆರಡು ಮೈಕುಗಳೊಡನೆ, ಬೇರೆಯಾಗಿ ಕರೆಸಿರಿ. ತೆರೆದ ಅಂಗಳದಲ್ಲಾದರೆ ಧ್ವನಿವರ್ಧಕಕ್ಕೆ ಮೊದಲೇ ಅನುಮತಿ ಪಡೆದು, ರಾತ್ರಿ 10ಕ್ಕೆ ನಿಲ್ಲಿಸಬೇಕೆಂಬ ನಿಯಮವನ್ನು ಕಛೇರಿಯ ಆರಂಭಕಾಲ ಗೊತ್ತುಮಾಡುವಾಗಲೇ ನೆನಪಿಡಬೇಕು.

ಬಿದಾಗಿಯ ಮಾತನ್ನು ಸಂಕೋಚವಿಲ್ಲದೆ ಮೊದಲೇ ಸ್ಪಷ್ಟಪಡಿಸಿಕೊಳ್ಳಿರಿ: ತಬಲಾ ಸಾಥಿಯವರದೂ ತಂಬೂರಿಯವರದೂ ಅದರಲ್ಲಿ ಸೇರಿದೆಯೆ, ವಾಹನದ ವೆಚ್ಚ ಯಾರದು, ಮುಹೂರ್ತ ತಡವಾದರೆ ಎಷ್ಟು ಹೊತ್ತು ಕಾಯುವರು ಎಂಬುದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟರೆ ಮನಸ್ತಾಪಕ್ಕೆ ಆಸ್ಪದವಿರದು. ಊಟಕ್ಕೆ ಅವರನ್ನು ಬೀಗರ ಪಂಕ್ತಿಯಲ್ಲಿಯೇ ಕೂರಿಸತಕ್ಕದ್ದು. ಉಳಿದ ಹಣವನ್ನು ನಾಳೆಗೆಂದು ಮುಂದೂಡದೆ, ಅವರು ವಾದ್ಯವನ್ನು ಗವಸಣಿಗೆಯಲ್ಲಿಟ್ಟು ಹೊರಡುವ ಮುನ್ನವೇ, ಮನೆಯ ಹಿರಿಯರ ಕೈಯಿಂದ ಫಲತಾಂಬೂಲ ಸಹಿತವಾಗಿ ಸಲ್ಲಿಸಬೇಕು. ಬಜಂತ್ರಿಯವರಿಗೂ ಇದೇ ರೀತಿ, ಇದೇ ಮರ್ಯಾದೆಯಿಂದ.